ದರ್ಜೆ ಸಿಗದ ಪ್ರತಿ

ಮಂಗಳವಾರ, ತಾರೀಕು ಹನ್ನೊಂದು. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಳೆಯ ಕಾಮಿಕ್ಸ್ ಪುಸ್ತಕಗಳನ್ನು ಸಂಗ್ರಹಕಾರರಿಗೆ ಮಾರುವ ಅಂಗಡಿ ಅವಳದು, ಅವಳ ಅಣ್ಣನದು.

"ಅಣ್ಣ ನಿನ್ನೆ ಮನೆಗೆ ಬರ್ಲಿಲ್ಲ. ಫೋನ್ ಮಾಡಿದ್ರೆ ಅಂಗಡಿ ಒಳಕೋಣೇಲಿ ರಿಂಗಾಗ್ತಿದೆ. ಬಾಗಿಲು ಹಾಕಿದೆ. ಎಳೆದ್ರೆ ತಾನಾಗೇ ಬೀಗ ಬೀಳೋ ಬಾಗಿಲು, ಕೀ ಅವನ ಹತ್ರಾನೇ ಇರೋದು."

"ಎಷ್ಟು ಸಲ ಮಾಡಿದ್ರಿ?"

"ಹದಿನೇಳು ಸಲ."

ಇನ್ಸ್‌ಪೆಕ್ಟರ್ ಅರ್ಧ ಕುಡಿದ ಕಾಫಿ ಬಿಟ್ಟು ಎದ್ದಳು. ಮುಚ್ಚಿದ ಬಾಗಿಲ ಹಿಂದೆ ಫೋನು ಹೊಡೆದುಕೊಳ್ಳುತ್ತಿದ್ದರೆ ಒಳ್ಳೆಯ ಸುದ್ದಿ ಇರುವುದಿಲ್ಲ ಎಂಬುದು ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು.

ಹತ್ತೂಕಾಲಿಗೆ ಬಾಗಿಲು ಒಡೆಸಿದರು. ಕಿಟಕಿ ಇಲ್ಲದ ಕೋಣೆ. ಗಾಳಿಯ ತೇವ ಹೀರುವ ಯಂತ್ರವೊಂದು ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ಮೇಜಿನ ಕೆಳಗೆ ಅಂಗಡಿಯವನು ಬೋರಲಾಗಿ ಬಿದ್ದಿದ್ದ, ತಲೆಯ ಹಿಂಭಾಗ ಒಡೆದಿತ್ತು, ಮೈ ತಣ್ಣಗಾಗಿತ್ತು. ಹೊಡೆದ ಕಬ್ಬಿಣದ ತೂಕದ ಕಲ್ಲನ್ನು ಯಾರೋ ತೆಳು ಬಿಳಿ ಕಾಗದದಲ್ಲಿ ಸುತ್ತಿ ಪಕ್ಕದಲ್ಲೇ ಇಟ್ಟಿದ್ದರು. ತಂಗಿ ಅಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಎಫ್‌ಐಆರ್ ದಾಖಲಾಯಿತು. ಪಕ್ಕದ ಅಂಗಡಿಯ ಇಬ್ಬರು ಪಂಚರಾಗಿ ಬಂದರು. ಹತ್ತು ಐವತ್ತಕ್ಕೆ ಪಂಚನಾಮೆ ಶುರುವಾಯಿತು.

"ಕಳ್ಳತನ ಅಲ್ಲ ಬಿಡಿ ಮೇಡಂ," ಎಂದ ದಫೇದಾರ. "ಎಲ್ಲಾ ಎಷ್ಟು ಒಪ್ಪವಾಗಿದೆ ನೋಡಿ. ನಮ್ಮನೇಲೂ ಇಷ್ಟು ಒಪ್ಪ ಇರಲ್ಲ."

"ಅದೇ ನನಗೆ ಹೆದರಿಕೆ ಆಗ್ತಿರೋದು."

ಮೇಜಿನ ಮೇಲೆ ಆರು ಪುಸ್ತಕಗಳು ಹೊಸ ಪಾರದರ್ಶಕ ಹೊದಿಕೆಯಲ್ಲಿ ಸಾಲಾಗಿದ್ದವು. ಪ್ರತಿಯೊಂದರ ಬೆನ್ನಿಗೂ ಹೊಸ ಬಿಳಿ ರಟ್ಟು, ನುಣುಪು ಮೈ ಪುಸ್ತಕದ ಕಡೆಗೆ. ಕಸದ ಬುಟ್ಟಿಯಲ್ಲಿ ಹಳೆಯ ಹೊದಿಕೆಗಳು, ಆರು ಹಳೆಯ ರಟ್ಟುಗಳು. ಇನ್ಸ್‌ಪೆಕ್ಟರ್ ಚಿಮುಟದಿಂದ ಒಂದನ್ನು ಎತ್ತಿದಳು. ಅದರ ಮೇಲೆ ಸಾಸಿವೆಯಷ್ಟು ರಕ್ತದ ಚುಕ್ಕೆಗಳಿದ್ದವು. ಎರಡನೆಯದರ ಮೇಲೂ ಇದ್ದವು.

"ಮೊದಲು ಏಟು, ಆಮೇಲೆ ರಟ್ಟು ಬದಲಾಯಿಸಿದ್ದು," ಎಂದಳು. "ಹೆಣದ ಪಕ್ಕ ನಿಂತ್ಕೊಂಡು ಈ ಚಾಕರಿ ಮಾಡಿದ್ದಾನೆ."

ಇಬ್ಬರು ಪಂಚರಲ್ಲಿ ಒಬ್ಬ ಹೊರಗೆ ಹೋಗಿ ನೀರು ಕುಡಿದು ಬಂದ.

ತಂಗಿಯನ್ನು ಮುಂದಿನ ಕೋಣೆಯಲ್ಲಿ ಕೂರಿಸಿ ಕೇಳಿದರು.

"ಏನು ಕಾಣೆಯಾಗಿದೆ?"

"ಒಂದೇ ಒಂದು. ದೀಪಸ್ತಂಭದ ಮೇಲೆ ಕೆಂಪು ನಿಲುವಂಗಿಯ ಹೆಂಗಸು ನಿಂತಿರೋ ಮುಖಪುಟ. ಅದೇ ಸಂಚಿಕೆಯ ಇನ್ನೊಂದು ಪ್ರತಿ ಮೇಜಿನ ಮೇಲಿದೆ, ಪಿನ್ನು ಬಿಚ್ಚಿರೋದು. ಅಂಗಡಿಯಲ್ಲಿ ಆ ಮೇಜಿನ ಮೇಲಿರೋದಕ್ಕಿಂತ ಬೆಲೆಯದು ಬೇರೆ ಇಲ್ಲ."

ಇನ್ಸ್‌ಪೆಕ್ಟರ್ ಆ ಪ್ರತಿ ನೋಡಿದ್ದಳು. ಅಚ್ಚು ವಾರೆಯಾಗಿತ್ತು, ಹೆಂಗಸಿನ ಅರ್ಧ ಮುಖ ಅಂಚಿನಾಚೆ ಹೋಗಿತ್ತು, ಸಮುದ್ರ ಕೊಳಚೆಯಂತಿತ್ತು.

"ಈ ವಿಕಾರಕ್ಕಾ ಬೆಲೆ?"

"ಪುಸ್ತಕದ ಸ್ಥಿತಿ ನೋಡಿ ನಂಬರು ಹಾಕೋ ಕಂಪನಿಗಳಿವೆ. ದರ್ಜೆ ಕೊಡೋ ಆ ಜನ ಮುಖ ನೋಡಿ ಮಣೆ ಹಾಕಲ್ಲ ಮೇಡಂ. ಮೂಲೆ ಮೊಂಡಾಗಿದ್ಯಾ, ಬೆನ್ನು ಮುರಿದಿದ್ಯಾ, ಕಲೆ ಇದ್ಯಾ, ಅಷ್ಟೇ ಲೆಕ್ಕ. ಅಚ್ಚು ಸೊಟ್ಟಗಿದ್ರೂ ದೊಡ್ಡ ನಂಬರು ಬರ್ಬಹುದು. ಕಾಣೆಯಾಗಿರೋದು ನೋಡಿದ್ರೆ ಕಣ್ಣು ಕೀಳೋಕಾಗಲ್ಲ, ಆದ್ರೆ ದುರಸ್ತಿ ಆಗಿರೋದು. ಹರಿದಿದ್ದಕ್ಕೆ ಕಾಗದ ಕೂರಿಸಿ, ಬಣ್ಣ ತುಂಬಿದ್ದು. ಅದಕ್ಕೆ ಸರಿಯಾದ ದರ್ಜೇನೇ ಸಿಗಲ್ಲ. ಗಿರಾಕಿಗಳು ಬಾಯಿ ಬಿಟ್ಕೊಂಡು ನೋಡ್ತಾರೆ, ಚೀಟಿ ಓದಿ ವಾಪಸ್ ಇಡ್ತಾರೆ."

"ದುರಸ್ತಿ ಮಾಡಿದ್ದು ಯಾರು?"

"ನಮ್ಮ ಮೇಷ್ಟ್ರು. ಪುಸ್ತಕ ರಿಪೇರಿ ಮಾಡೋರು. ವಾರಕ್ಕೊಂದು ಸಲ ಬಂದು ಅದನ್ನ ನೋಡ್ಕೊಂಡು ಹೋಗ್ತಾರೆ, ಮಗಳನ್ನ ಕೊಟ್ಟ ಮನೆಗೆ ಬಂದ ಹಾಗೆ." ಅವಳು ಒಳಕೋಣೆಯ ಕಡೆ ನೋಡಿದಳು. "ಅಣ್ಣ ಅದರ ನಡುವಿನ ಹಾಳೆ ಕಿತ್ತು ಇನ್ನೊಂದಕ್ಕೆ ಹಾಕ್ಬೇಕು ಅಂತಿದ್ದ. ಆ ಸೊಟ್ಟ ಪ್ರತಿಯದು ಹರಿದಿತ್ತು. ಹಾಳೆ ಬದಲಾದ್ರೆ ನಂಬರು ಮೇಲೇರುತ್ತೆ ಅಂತ."

"ಮೇಷ್ಟ್ರಿಗೆ ಇದು ಗೊತ್ತಿತ್ತಾ?"

"ಪಿನ್ನು ಬಿಚ್ಚೋಕೆ ಅವರನ್ನೇ ಕರೀತೀನಿ ಅಂದಿದ್ದ."

ಮೂರು ಹತ್ತಕ್ಕೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಫೋನ್ ಮಾಡಿದರು. "ಏಟು ಬಿದ್ದ ತಕ್ಷಣ ಸತ್ತಿಲ್ಲ. ಮುಕ್ಕಾಲು ಗಂಟೆಯಾದ್ರೂ ಜೀವ ಇತ್ತು. ಆಸ್ಪತ್ರೆಗೆ ತಂದಿದ್ರೆ ಬಹುಶಃ ಉಳೀತಿದ್ದ."

ಇನ್ಸ್‌ಪೆಕ್ಟರ್ ಸಮಯ ಬರೆದುಕೊಂಡಳು. ಪೆನ್ನು ಒಂದೆರಡು ಸಲ ಕಾಗದಕ್ಕೆ ಚುಚ್ಚಿತು.

"ಆಸಾಮಿ ಇಷ್ಟು ಹೊತ್ತಿಗೆ ಊರು ಬಿಟ್ಟಿರ್ತಾನೆ," ಎಂದ ದಫೇದಾರ, ಜೀಪು ಹತ್ತುತ್ತ. ರೈಲು ನಿಲ್ದಾಣಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಓಡಿಸಿದ್ದೂ ಆಗಿತ್ತು.

ಆದರೆ ನಾಲ್ಕು ಗಂಟೆ ಐದು ನಿಮಿಷಕ್ಕೆ ಕಾರ್ಯಾಗಾರದ ಬಾಗಿಲು ತಟ್ಟಿದರೆ ಮೇಷ್ಟ್ರೇ ತೆರೆದರು. ಅರವತ್ತು ದಾಟಿದ ಸಣಕಲು ಮನುಷ್ಯ, ಉಗುರುಗಳು ಚೊಕ್ಕ. ಒಳಗೆ ಅಂಟಿನ ವಾಸನೆ, ಅಳತೆಗೆ ತಕ್ಕಂತೆ ತೂಗುಹಾಕಿದ ಕುಂಚಗಳು. ನಡುವೆ ತಿರುಪಿನ ಹಿಡಿಯಿದ್ದ ಕಬ್ಬಿಣದ ಒತ್ತುಯಂತ್ರ, ಅದರ ಮುಂದೆ ಒಂದು ಸ್ಟೂಲು. ಬಾಗಿಲ ಬಳಿ ಕಟ್ಟಿಟ್ಟ ಚೀಲವೂ ಇತ್ತು.

"ನಿನ್ನೆ ಸಂಜೆ ಎಲ್ಲಿದ್ರಿ?"

"ಅಂಗಡೀಲಿ. ಐದೂವರೆಯಿಂದ ಏಳರ ತನಕ."

"ಚೀಲ ಕಟ್ಟಿದ್ದೀರಿ. ಓಡಿ ಯಾಕೆ ಹೋಗ್ಲಿಲ್ಲ?"

ಮೇಷ್ಟ್ರು ಯಂತ್ರದ ಕಡೆ ನೋಡಿದರು. "ಕಿತ್ಕೊಳ್ಳೋವಾಗ ಮುಖಪುಟ ಮಡಚ್ಕೊಂಡ್ಬಿಡ್ತು. ಬಿಸಿ ಕೊಟ್ಟು ಭಾರ ಹೇರಿದ್ದೀನಿ. ಪೂರ್ತಿ ಒಂದು ದಿನ ಆರ್ಬೇಕು. ಏಳೂವರೆಗೆ ಮುಗಿಯುತ್ತೆ. ಅಲ್ಲಿ ತನಕ ತೆಗೀಬೇಡಿ. ಆಮೇಲೆ ನೀವು ಕರೆದಲ್ಲಿಗೆ ಬರ್ತೀನಿ."

ಗಾದೆಯ ಕಳ್ಳನ ಮನಸ್ಸು ಹುಳ್ಳುಳ್ಳಗೆ. ಈ ಮನುಷ್ಯನ ಕಣ್ಣಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ, ಇದ್ದದ್ದು ಜ್ವರದ ಮಗುವನ್ನು ಮಲಗಿಸಿದವರ ಕಳವಳ. ಇನ್ಸ್‌ಪೆಕ್ಟರಿಗೆ ಮೈ ಉರಿಯಿತು.

"ತಿರುಪು ಬಿಚ್ಚಿ," ಎಂದಳು ದಫೇದಾರನಿಗೆ.

"ಬೇಡ! ಕೈಮುಗಿದು ಕೇಳ್ಕೊಳ್ತೀನಿ—"

ದಫೇದಾರ ಹಿಡಿ ತಿರುಗಿಸಿದ. ತಟ್ಟೆ ಮೇಲೆದ್ದಿತು. ಜೊತೆಗೆ ಕರೆತಂದಿದ್ದ ಪಂಚರೆದುರು ಇನ್ಸ್‌ಪೆಕ್ಟರ್ ಪುಸ್ತಕ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಆ ಕೆಂಪು, ಆ ನೀಲಿ, ಗಾಳಿಗೆ ಹಾರುತ್ತಿದ್ದ ನಿಲುವಂಗಿ ನಿಜಕ್ಕೂ ಚೆಂದವಾಗಿದ್ದವು. ಅಷ್ಟರಲ್ಲಿ ಮುಖಪುಟದ ಅಡ್ಡಕ್ಕೆ ಮಡಿಕೆಯ ಗೆರೆ ಮೆಲ್ಲನೆ ಎದ್ದು ಬಂತು. ಮೇಷ್ಟ್ರು ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತರು.

ನಾಲ್ಕು ನಲವತ್ತಕ್ಕೆ ದಸ್ತಗಿರಿ. ಹೇಳಿಕೆಯನ್ನು ಠಾಣೆಯಲ್ಲಿ ಇನ್ಸ್‌ಪೆಕ್ಟರ್ ತಾನೇ ಬರೆದುಕೊಂಡಳು. ಚಿಂದಿಯಾಗಿ ಸಿಕ್ಕಿದ ಆ ಪುಸ್ತಕಕ್ಕೆ ಮೇಷ್ಟ್ರು ಹನ್ನೊಂದು ತಿಂಗಳು ಕೂತಿದ್ದರಂತೆ. ಜೀವನವಿಡೀ ಬೇರೆಯವರ ಪುಸ್ತಕಗಳ ಕಲೆ ತೆಗೆದವರು ಇದೊಂದನ್ನು ಮಾತ್ರ ತಮ್ಮ ಕೆಲಸ ಎಂದುಕೊಂಡಿದ್ದರು. ದರ್ಜೆ ಕೊಡುವ ಕಂಪನಿಯವರು ಅದನ್ನು ಬೆರಕೆ ಎಂದಾಗಲೂ ನುಂಗಿಕೊಂಡರು. ಸೊಟ್ಟ ಅಚ್ಚಿನ ಪ್ರತಿಗಾಗಿ ಅದರ ಹೊಟ್ಟೆ ಸೀಳಲು ಅಂಗಡಿಯವನು ತಮ್ಮ ಕೈಗೇ ಚಿಮುಟ ಕೊಟ್ಟಾಗ ನುಂಗಲಾಗಲಿಲ್ಲ.

"ಕಬ್ಬಿಣ ಯಾಕೆ ಸುತ್ತಿಟ್ರಿ?"

"ಪುಸ್ತಕಗಳಿಗೆ ತಗಲಬಾರದು ಅಂತ."

"ಅವನು ಇನ್ನೂ ಬದುಕಿದ್ದ. ನರಳ್ತಿದ್ದ. ಕೇಳಿಸ್ಲಿಲ್ವಾ?"

ಮೇಷ್ಟ್ರು ತಲೆಯೆತ್ತಿದರು.

"ಕೇಳಿಸ್ತಿತ್ತು. ಆದ್ರೆ ರಕ್ತ ಒಣಗಿಬಿಟ್ರೆ ಕಾಗದದಿಂದ ಹೋಗಲ್ಲ ಮೇಡಂ. ಮೊದಲು ಅದನ್ನ ನೋಡ್ಬೇಕಾಗಿತ್ತು."

ಅವಳು ಅದನ್ನು ಅಕ್ಷರಶಃ ಬರೆದಳು, ನಿಯಮದಂತೆ ಓದಿ ಹೇಳಿದಳು. ಮೇಷ್ಟ್ರು ಸರಿಯಾಗಿದೆ ಎಂದು ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದರು. ಹೊರಗೆ ಬೆಂಚಿನ ಮೇಲೆ ತಂಗಿ ಬೆಳಗಿನಿಂದ ಏನೂ ತಿನ್ನದೆ ಕೂತಿದ್ದಳು. ಅಣ್ಣ ಸಾಯುವಾಗ ಸಂಕಟಪಟ್ಟನೇ ಎಂದು ಎರಡು ಸಲ ಕೇಳಿದ್ದಳು. ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಕಡತದಲ್ಲಿಟ್ಟು, ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಬಹಳ ಹೊತ್ತು ಹಾಗೇ ನಿಂತಿದ್ದಳು.