ಒಡೆಯದ ಲಕೋಟೆ

"ಇದೊಂದನ್ನ ನೀನೇ ಅಂಟಿಸಿಕೊಡೇ. ನನ್ನ ಕೈ ನಡುಗುತ್ತೆ," ಎಂದು ಅಣ್ಣ ಆ ಹಳೆಯ ಲಕೋಟೆಯನ್ನು ತಂಗಿಯ ಅಂಗೈಯಲ್ಲಿಟ್ಟಾಗ ಬೆಳಿಗ್ಗೆ ಎಂಟೂವರೆ. ಹತ್ತಕ್ಕೆ ವಸ್ತುಸಂಗ್ರಹಾಲಯದ ಬಾಗಿಲು ಮೊದಲ ಸಲ ತೆರೆಯಬೇಕು. ಗೇಟಿನ ಹೊರಗೆ ಜನ ಆಗಲೇ ಸಾಲುಗಟ್ಟಿದ್ದರು.

ಸಂಗ್ರಹಾಲಯವೆಂದರೆ ಅವರಿಬ್ಬರೂ ಹುಟ್ಟಿ ಬೆಳೆದ ಮನೆಯೇ. ಅವರ ಅಮ್ಮನನ್ನು ಲೋಕವೆಲ್ಲ ನೋಟದಮ್ಮ ಎನ್ನುತ್ತಿತ್ತು. ಜನ ತಮ್ಮ ಕಷ್ಟವನ್ನು ಬರೆದು, ಲಕೋಟೆ ಅಂಟಿಸಿ ಕೊಟ್ಟುಹೋಗುತ್ತಿದ್ದರು. ಮರುದಿನ ಅಮ್ಮ ಒಡೆಯದ ಲಕೋಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಳಗಿದ್ದುದನ್ನು ಚಾಚೂ ತಪ್ಪದೆ ಹೇಳುತ್ತಿದ್ದಳು. ಈಗ ಅವಳ ಬೆತ್ತದ ಕುರ್ಚಿಯ ಸುತ್ತ ಹಗ್ಗ ಕಟ್ಟಿದೆ, ಕನ್ನಡಕ ಗಾಜಿನ ಪೆಟ್ಟಿಗೆ ಸೇರಿದೆ. ಒಂದೇ ಒಂದು ಲಕೋಟೆಗೆ ಮಾತ್ರ ಅವಳು ಉತ್ತರ ಹೇಳದೆ, ಸಾಯುವವರೆಗೂ ದಿಂಬಿನಡಿ ಇಟ್ಟುಕೊಂಡಿದ್ದಳು. 'ಅಮ್ಮನೂ ಓದಲಾರದ ಪತ್ರ' ಎಂದು ಫಲಕ ಬರೆಸಿ, ಅಣ್ಣ ಅದಕ್ಕೆ ನಡುಮನೆಯಲ್ಲಿ ಜಾಗ ಮಾಡಿದ್ದ. ಅದರ ಅಂಚು ಈಗ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು.

ತಂಗಿ ಅಡುಗೆಮನೆಗೆ ಹೋದಳು. ನೋಡಲು ಬರುವವರಿಗೆ ಪ್ರವೇಶವಿಲ್ಲದ ಕೋಣೆ ಅದೊಂದೇ. ಅಮ್ಮನ ದಿವ್ಯದೃಷ್ಟಿಯೆಲ್ಲ ಇದ್ದದ್ದೂ ಅಲ್ಲೇ! ಕುದಿಯುವ ಕೆಟಲಿನ ಹಬೆಗೆ ಲಕೋಟೆ ಹಿಡಿದು ಬಿಡಿಸುವುದು, ಓದುವುದು, ಅಮ್ಮನ ಕಿವಿಯಲ್ಲಿ ಹೇಳುವುದು, ತೆಳ್ಳಗಿನ ಹಿಟ್ಟಿನ ಅಂಟನ್ನು ಬೆರಳತುದಿಯಿಂದ ಅಂಚಿಗಷ್ಟೇ ಸವರಿ ಮತ್ತೆ ಮುಚ್ಚುವುದು... ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದಳು ಅವಳು. ಅಣ್ಣನಿಗೂ ಗೊತ್ತಿರಲಿಲ್ಲ.

ಆದರೆ ಈ ಲಕೋಟೆಯ ಅಂಟು ಗಂಟುಗಂಟಾಗಿತ್ತು, ದಪ್ಪಗೆ ಮೆತ್ತಿತ್ತು. ಇದು ತನ್ನ ಕೈಕೆಲಸವಲ್ಲ. ಹಾಗಾದರೆ ಅಮ್ಮನೇ ಬಿಡಿಸಿ ಓದಿ ಮುಚ್ಚಿದ್ದಾಳೆ, ತನಗೆ ಗೊತ್ತಾಗದ ಹಾಗೆ. ಯಾಕೆ? ಅವಳು ಕೆಟಲನ್ನು ಒಲೆಗಿಟ್ಟಳು.

ಒಳಗಿನ ಕಾಗದದ ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು. ಪ್ರತಿ ಸೋಮವಾರ ಗೋಡೆ ಗಡಿಯಾರಕ್ಕೆ ಕೀ ಕೊಡಲು ಬರುತ್ತಿದ್ದ, ಅವಳೊಡನೆ ಎರಡು ಮಾತಾಡಲು ಎರಡು ತಿಂಗಳು ತೆಗೆದುಕೊಂಡಿದ್ದ ಗಡಿಯಾರದವನ ಅಕ್ಷರ!

'ಅಮ್ಮಾವ್ರೇ, ನಿಮ್ಮ ಮಗಳನ್ನು ಮದುವೆಯಾಗಬೇಕೆಂದಿದ್ದೇನೆ. ಅವರನ್ನೇ ಕೇಳಲು ಧೈರ್ಯವಿಲ್ಲ. ದಯವಿಟ್ಟು ನೀವು ಕೇಳಿ. ಅವರಿಗೆ ಒಪ್ಪಿಗೆಯಿದ್ದರೆ ಮುಂದಿನ ಸೋಮವಾರ ನಾನು ಬರುವ ಹೊತ್ತಿಗೆ ಗಡಿಯಾರ ನಿಲ್ಲಿಸಿರಲಿ. ನಡೆಯುತ್ತಿದ್ದರೆ ನಾನು ಮತ್ತೆ ಬಂದು ತೊಂದರೆ ಕೊಡುವುದಿಲ್ಲ.'

ಆ ಸೋಮವಾರ ಅವಳಿಗೆ ನೆನಪಿತ್ತು. "ಇವತ್ತು ನೀನೇ ಕೀ ಕೊಟ್ಟುಬಿಡು," ಎಂದಿದ್ದಳು ಅಮ್ಮ. ಅವಳು ಕುರ್ಚಿ ಹತ್ತಿ, ಹಾಡು ಗುನುಗುತ್ತ ಕೀ ಕೊಟ್ಟಿದ್ದಳು. ಅವನು ಬಾಗಿಲಲ್ಲೇ ನಿಂತು ಗಡಿಯಾರವನ್ನೇ ನೋಡಿ, ಚೆನ್ನಾಗಿ ನಡೀತಾ ಇದೆ ಎಂದಷ್ಟೇ ಹೇಳಿ ಹೊರಟುಹೋಗಿದ್ದ. ತಿಂಗಳಾದರೂ ಬಾರದಿದ್ದಾಗ ಅವಳು ನಾಚಿಕೆ ಬಿಟ್ಟು ಅಮ್ಮನನ್ನು ಕೇಳಿದ್ದಳು. ಅಮ್ಮ ಕಣ್ಣು ಮುಚ್ಚಿದ್ದಳು. "ಅವನಿಗೆ ಬೇರೆ ಕಡೆ ಮದುವೆ ಆಯ್ತಲ್ಲೇ... ನಂಗೆ ಕಾಣ್ತಾ ಇದೆ."

ಅಮ್ಮನನ್ನು ಬಿಟ್ಟರೆ ಕೆಟಲಿನ ಗುಟ್ಟು ಗೊತ್ತಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ. ಆದರೂ ಅಂದು ಅವಳು ನಂಬಿದ್ದಳು! ಅಮ್ಮನಲ್ಲವೇ... ಮಗಳು ಹೋದರೆ ಗುರುತು ಸಿಗದಂತೆ ಲಕೋಟೆ ಬಿಡಿಸಿ ಮುಚ್ಚುವವರಾರು ಎಂದು ಹೆದರಿದಳೇನೋ. ಓದಿದ ಮೇಲೆ ಸುಟ್ಟುಹಾಕಲು ಕೈ ಯಾಕೆ ಬರಲಿಲ್ಲವೋ, ಅವಳನ್ನೇ ಕೇಳಬೇಕು.

ಕಾಗದ ಹಿಡಿದು ಅವಳು ದಡದಡನೆ ನಡುಮನೆಗೆ ಬಂದಳು. ಇವತ್ತು ಎಲ್ಲವನ್ನೂ ಹೇಳಿಬಿಡಬೇಕು, ಗೇಟಿನ ಹೊರಗಿನವರಿಗೂ ಕೇಳುವಂತೆ. ಅಣ್ಣ ಬಗ್ಗಿ ಅಮ್ಮನ ಕುರ್ಚಿ ಒರೆಸುತ್ತಿದ್ದ.

"ನನ್ನ ಪಾಪು ಇದ್ದಿದ್ರೆ ಇವತ್ತು ಅವಳ ಕೈಯಲ್ಲೇ ಬಾಗಿಲು ತೆಗೆಸ್ತಿದ್ದೆ," ಎಂದ ತಲೆಯೆತ್ತದೆ. "ಜ್ವರದಲ್ಲಿ ಮಗು ಹೋದಾಗ ನಾನು ಊರಲ್ಲೇ ಇರಲಿಲ್ಲ. ಕೊನೇಲಿ 'ಅಪ್ಪ ಬಂದ' ಅಂತ ನಕ್ಕಳು, ನಂಗೆ ಕಾಣ್ತು ಅಂದ್ಳಲ್ಲ ಅಮ್ಮ... ಆ ಒಂದು ಮಾತು ಇಲ್ದಿದ್ರೆ ನಾನು ಉಳೀತಾನೇ ಇರಲಿಲ್ಲ ಕಣೇ."

ಆಸ್ಪತ್ರೆಯಲ್ಲಿ ಮಗುವಿನ ಪಕ್ಕ ಕೂತಿದ್ದವಳು ತಂಗಿ. ಮಗು ನಕ್ಕಿರಲಿಲ್ಲ. ಅಪ್ಪನನ್ನು ಕರೆದು ಕರೆದು ಸುಸ್ತಾಗಿ ಸುಮ್ಮನಾಗಿತ್ತು.

ಅವಳು ಕಾಗದವನ್ನು ಬೆನ್ನ ಹಿಂದೆ ಮರೆಮಾಡಿದಳು. ಅಡುಗೆಮನೆಗೆ ಮರಳಿ ಹಿಟ್ಟು ಕಲಸಿ, ಬೆರಳತುದಿಯಿಂದ ಅಂಚಿಗಷ್ಟೇ ಸವರಿ ಲಕೋಟೆ ಮುಚ್ಚಿದಳು. ಕಣ್ಣೀರು ಲಕೋಟೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಅಣ್ಣ ಗೇಟಿನ ಕಡೆ ಹೋದಾಗ ಬೇರೊಂದು ಕುರ್ಚಿ ಹತ್ತಿ, ಅದೇ ಗೋಡೆ ಗಡಿಯಾರದ ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

ಜನ ಒಳಬಂದರು. ಗಾಜಿನೊಳಗಿನ ಲಕೋಟೆಯಲ್ಲಿ ಏನಿದೆ ಎಂದು ಕೇಳಿದವರಿಗೆಲ್ಲ, ಯಾರಿಗೂ ಗೊತ್ತಿಲ್ಲವೆಂದಳು.

"ಅಯ್ಯೋ, ಗಡಿಯಾರ ನಿಂತೋಗಿದೆಯಲ್ಲೇ," ಎಂದ ಅಣ್ಣ. "ಆ ಗಡಿಯಾರದವನಾದ್ರೂ ಇದ್ದಿದ್ರೆ... ಪಾಪ, ಮದುವೆನೂ ಇಲ್ಲ, ಮಕ್ಕಳೂ ಇಲ್ಲ, ಒಂಟಿಯಾಗೇ ಇದ್ದು, ಹೋದ ವರ್ಷ ತೀರಿಕೊಂಡನಂತೆ. ಬೇರೆ ಯಾರನ್ನಾದ್ರೂ ಕರೆಸ್ಲಾ?"

ಅವಳು ತಲೆಯೆತ್ತಿ ಗಡಿಯಾರದತ್ತ ನೋಡಿದಳು.

"ಬೇಡ ಅಣ್ಣ," ಎಂದಳು. "ಇವತ್ತು ಸೋಮವಾರ. ನಿಂತೇ ಇರಲಿ."