ಮಾತ್ರೆಯ ಕೆಳಮುಖ

ಜುಲೈ ಎಂಟರಂದು ಬೆಳಿಗ್ಗೆ ಸೂರತ್ತಿನ ವರಾಛಾ ಪ್ರದೇಶದ ಪೊಲೀಸ್ ಠಾಣೆಗೆ ನಳಿನಿ ಎಂಬವರು ದೂರು ತಂದರು. ಪತಿಗೆ ಬ್ಯಾಂಕಿನ ವರ್ಗಾವಣೆಯಾಗಿ ಧಾರವಾಡದಿಂದ ಬಂದ ಕುಟುಂಬ. ಏಳನೆಯ ತರಗತಿಯ ಮಗ ಅನಿರುದ್ಧನಿಗೆ ಮೂರ್ಛೆರೋಗ. ಮಧ್ಯಾಹ್ನದ ಮಾತ್ರೆಯನ್ನು ಶಾಲೆಯ ಆರೋಗ್ಯ ಕೊಠಡಿಯಲ್ಲೇ ಕೊಡುವ ಏರ್ಪಾಡು. ಎರಡು ವರ್ಷ ತಲೆಹಾಕದಿದ್ದ ಮೂರ್ಛೆ ಹಿಂದಿನ ದಿನ ತರಗತಿಯಲ್ಲೇ ಬಂದು, ಹುಡುಗ ಆಸ್ಪತ್ರೆ ಸೇರಿದ್ದ.

"ರಕ್ತದಾಗ ಔಷಧ ಕಡಿಮಿ ಆಗೇದ ಅಂತಾರ್ರೀ ಡಾಕ್ಟರು. ಮನೀ ಮಾತ್ರಿ ನನ್ನ ಕೈಯಾರೆ ಕೊಡತೀನಿ. ಸಾಲೀದು ಯಾರು ನೋಡ್ಯಾರ?"

ಇನ್ಸ್‌ಪೆಕ್ಟರ್ ಲಿಂಗರಾಜ, ರೈಲ್ವೆಯಲ್ಲಿದ್ದ ತಂದೆಯೊಡನೆ ಹುಬ್ಬಳ್ಳಿಯಿಂದ ಬಂದು ಇಲ್ಲೇ ಬೆಳೆದವರು. "ನಾ ನೋಡತೀನ್ರೀ ಅಕ್ಕಾರ," ಎಂದು ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್ಸ್‌ಟೇಬಲ್ ಸುಮಂತ್‌ನೊಡನೆ ಶಾಲೆಗೆ ಹೊರಟರು.

ದಾದಿ ಊರ್ಮಿಳಾಬೆನ್ ಬೀರು ತೆರೆದಳು. ಅನಿರುದ್ಧನ ಡಬ್ಬಿಯಲ್ಲಿ ಉಳಿದ ಮಾತ್ರೆಗಳು ದುಂಡಗೆ, ಬೆಳ್ಳಗೆ ಕುಳಿತಿದ್ದವು.

"ಒಂದೂ ಕಳೆದಿಲ್ಲ ಸಾಹೇಬ್. ದಿನವೂ ಎಣಿಸುತ್ತೇನೆ."

ಲಿಂಗರಾಜ ಒಂದನ್ನು ಮಗುಚಿ ಹಾಕಿದರು. ಕೆಳಮುಖ ಗಾಜಿನಂತೆ ಸಪಾಟು. ರೊಟ್ಟಿಯನ್ನು ಪದರ ಬಿಡಿಸುವಂತೆ ಯಾರೋ ಮಾತ್ರೆಯನ್ನು ಅಡ್ಡಡ್ಡ ಸೀಳಿ, ಅರ್ಧವನ್ನು ಒಯ್ದು, ಉಳಿದರ್ಧವನ್ನು ಸೀಳಿದ ಮುಖ ಕೆಳಗಾಗುವಂತೆ ಕೂರಿಸಿದ್ದರು. ಅಂಚಿನಲ್ಲಿ ಒಂದು ಕಣವೂ ಉದುರಿರಲಿಲ್ಲ.

ಪಂಚರ ಎದುರು ಪಂಚನಾಮೆ ಮುಗಿಸಿ, ಒಂದು ಮಾತ್ರೆಯನ್ನು ಹಿಡಿದು ಎದುರಿನ ವಜ್ರ ಕೊಯ್ಯುವ ಕಾರ್ಖಾನೆಗೆ ನಡೆದರು. ಮುದಿ ಯಜಮಾನ ಭೂತಗನ್ನಡಿಯನ್ನು ಕಣ್ಣಿಗೊತ್ತಿ ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಯಂತ್ರದ್ದಲ್ಲ, ಕೈಯದು. ಇವನು ಸಿಕ್ಕರೆ ಜೈಲಿಗೆ ಹಾಕಬೇಡಿ, ನನಗೆ ಕೊಡಿ!"

"ಪಂಚನಾಮೆಯಲ್ಲಿ ಇದನ್ನೂ ಬರೆಯಲೇ ಸಾಹೇಬ್?" ಎಂದ ಸುಮಂತ್.

"ಇಂಥ ಕೈ ಯಾರದು?" ಲಿಂಗರಾಜ ನಗಲಿಲ್ಲ.

"ನಾನು ಕಂಡದ್ದು ಒಬ್ಬನದೇ, ಬಾಲಕೃಷ್ಣನದು. ದೂಳಿಗೆ ಕೆಮ್ಮು ಹತ್ತಿ ಬಿಟ್ಟುಹೋದ. ಈಗ ಆ ಶಾಲೆಯಲ್ಲೇ ಕಸ ಗುಡಿಸುತ್ತಾನಂತೆ."

ಅಂದು ಸಂಜೆ ಬಾಲಕೃಷ್ಣನ ಕೋಣೆಯ ಕಿಟಕಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಅಲಗು ಸಿಕ್ಕಿತು.

"ಕೊಯ್ದವರು ನೀವೇ?"

"ಹೌದು ಸಾಹೇಬ್. ಆರೋಗ್ಯ ಕೊಠಡಿ ಗುಡಿಸುವಾಗ."

"ಯಾರಿಗಾಗಿ?"

ಅವನು ಬಾಗಿಲ ಕಡೆ ನೋಡಿದ. ಮಗಳು ಪೂರ್ವಿ ನಿಂತಿದ್ದಳು, ಅನಿರುದ್ಧನ ತರಗತಿಯವಳೇ. "ಇವಳಿಗೂ ಅದೇ ಮೂರ್ಛೆ."

"ವೈದ್ಯರ ಬಳಿ ಏಕೆ ಒಯ್ಯಲಿಲ್ಲ?"

"ಗಲ್ಲಿಗೆಲ್ಲ ತಿಳಿದರೆ ದೊಡ್ಡವಳ ನಿಶ್ಚಿತಾರ್ಥ ಮುರಿಯುತ್ತದೆ. ಆ ಹುಡುಗ ಗಟ್ಟಿಮುಟ್ಟಾಗಿದ್ದ. ಒಂದು ಇಬ್ಬರಿಗೂ ಸಾಕೆಂದುಕೊಂಡೆ. ವಜ್ರವನ್ನು ಎರಡು ಮಾಡಿದರೆ ಎರಡೂ ವಜ್ರವೇ ಅಲ್ಲವೇ?"

"ಔಷಧ ಹಾಗಲ್ಲ, ಭಾಯಿ. ಆ ಹುಡುಗ ಸಾಯಬಹುದಿತ್ತು."

ಬಂಧನದ ಕಾಗದಕ್ಕೆ ರುಜು ಹಾಕಿದ ಬಾಲಕೃಷ್ಣ ಹೊಸ್ತಿಲಲ್ಲಿ ನಿಂತುಬಿಟ್ಟ.

"ಸಾಹೇಬ್, ನಾಳೆ ಮಧ್ಯಾಹ್ನ ಇವಳಿಗೆ ಯಾರು ಕೊಡುತ್ತಾರೆ?"

ಲಿಂಗರಾಜ ಜೀಪನ್ನು ಮೊದಲು ಆಸ್ಪತ್ರೆಗೆ ತಿರುಗಿಸಿದರು. ಪೂರ್ವಿಯನ್ನು, ಅವಳ ತಾಯಿಯನ್ನು ಅನಿರುದ್ಧನ ವೈದ್ಯರಿಗೇ ಒಪ್ಪಿಸಿ, ಆಮೇಲೆ ಆರೋಪಿಯೊಡನೆ ಠಾಣೆಗೆ ಬಂದರು.

ಮರುದಿನ ಮಧ್ಯಾಹ್ನ ಲಿಂಗರಾಜ ಆಸ್ಪತ್ರೆಗೆ ಹೋದಾಗ ಅನಿರುದ್ಧ ಎದ್ದು ಕುಳಿತು ಮೊಸರನ್ನ ಉಣ್ಣುತ್ತಿದ್ದ. ಪಕ್ಕದ ಮಂಚದ ಹುಡುಗಿ ಯಾರೆಂದು ನಳಿನಿಗೆ ಆಗಲೇ ತಿಳಿದಿತ್ತು. ಆದರೂ ಅವರು ನೀರಿನ ಲೋಟವನ್ನು ಅತ್ತ ಸರಿಸಿದರು.

ಅಂಗೈಗೆ ಬಿದ್ದ ಮಾತ್ರೆಯನ್ನು ಪೂರ್ವಿ ಮಗುಚಿ ನೋಡಿದಳು.

"ಇದರ ಬೆನ್ನೂ ಉಬ್ಬಿದೆ ಸಾಹೇಬ್. ಪಪ್ಪ ಕೊಡುವುದು ಸಪಾಟಾಗಿರುತ್ತಿತ್ತು."

"ಇದು ಪೂರ್ತಿಯದಮ್ಮ, ನುಂಗು," ಎಂದರು ಲಿಂಗರಾಜ.