ಗುಂಡು ಕಿಟಕಿಯ ಮನೆ

“ಏಯ್, ಇದು ನಿಮ್ಮನೆ ಅಲ್ವೇನೇ?”

ಕ್ಲಾಸಿನ ಲಂಬು ಗೋಡೆಯ ಫೋಟೋ ತೋರಿಸುತ್ತ ಚಿನಕುರಳಿಗೆ ಜೋರಾಗಿಯೇ ಕೂಗಿದ. ಸ್ಮಾರಕದೊಳಗೆ ಪಿಟಕ್ಕೆನ್ನಬಾರದೆಂದು ಮಿಸ್ ಬಸ್ಸಿನಲ್ಲೇ ಹೇಳಿದ್ದರು.

ಅಲ್ಲಿ ಒಂದು ಪದ್ಧತಿಯಿತ್ತು. ಗೋಡೆಯ ಫೋಟೋಗಳಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರೆದುರು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಬೇರೆ ಜನಾಂಗದವರು ಎಂಬ ಒಂದೇ ಕಾರಣಕ್ಕೆ, ಮಕ್ಕಳು ಮುದುಕರೆನ್ನದೆ, ಎಷ್ಟೋ ವರ್ಷಗಳ ಹಿಂದೆ ಅವರನ್ನೆಲ್ಲ ಇದೇ ಊರಿನಿಂದ ಎಳೆದೊಯ್ದು ಕೊಂದಿದ್ದರು.

ಚಿನಕುರಳಿ ತನ್ನದೇ ವಯಸ್ಸಿನ ಹುಡುಗಿಯನ್ನು ಆರಿಸಿಕೊಂಡಿದ್ದಳು. ಫೋಟೋದಲ್ಲಿ ಉಳಿದವರು ಗಂಟುಮೂಟೆ ಹೊತ್ತು ಬೀದಿಯಲ್ಲಿ ಸಾಲಾಗಿ ನಿಂತಿದ್ದರು. ಆ ಹುಡುಗಿ ಮಾತ್ರ ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದಳು. ಅವಳ ಹಿಂದಿನ ಬಾಗಿಲ ಮೇಲೆ ಚಕ್ರದಂಥ ಒಂದು ಗುಂಡು ಕಿಟಕಿ. ಊರಿನಲ್ಲಿ ಅಂಥದ್ದು ಇನ್ನೊಂದಿಲ್ಲ.

“ನಮ್ಮನೆ ಕಟ್ಟಿದ್ದು ನಮ್ಮ ತಾತ,” ಎಂದಳು ಚಿನಕುರಳಿ.

“ಹಾಗಾದ್ರೆ ಇವಳು ನಿಮ್ಮ ನೆಂಟಳಾ?”

ಒಂದು ಮಾತಿಗೆ ನಾಲ್ಕು ಸೇರಿಸುವ ಚಿನಕುರಳಿ ಫೋಟೋದ ಹತ್ತಿರ ಸರಿದು ಆ ಕಿಟಕಿಯನ್ನೇ ನೋಡಿದಳು.

ಮನೆಯಲ್ಲಿ ಟೈಲರ್ ತಾತ ಮಷಿನ್ ಮುಂದೆ ಕೂತಿದ್ದರು.

“ಬಂದ್ಯಾ ಪುಟ್ಟಾ? ಇವತ್ತೆಲ್ಲಿ ಹರ್ಕೊಂಡೆ ಫ್ರಾಕು?”

“ತಾತ, ಈ ಮನೆ ಯಾರು ಕಟ್ಟಿದ್ದು?”

“ಇನ್ಯಾರು, ನಾನೇ. ಒಂದೊಂದು ಇಟ್ಟಿಗೇನೂ...”

“ಸ್ಮಾರಕದ ಫೋಟೋದಲ್ಲಿ ಈ ಮನೆ ಇದೆ ತಾತ. ನಮ್ಮ ಮೆಟ್ಟಿಲ ಮೇಲೆ ಒಬ್ಬಳು ಹುಡುಗಿ ಕೂತಿದಾಳೆ.”

ಹೊಲಿಯುತ್ತಿದ್ದ ಬಟ್ಟೆ ಮುಗಿದು ಆಚೆ ಜಾರಿತು. ತಾತ ಪೆಡಲ್ ತುಳಿಯುತ್ತಲೇ ಇದ್ದರು. ಸೂಜಿ ಬರಿದೇ ಮೇಲೆ ಕೆಳಗೆ ಓಡಿತು.

“ನಾವು ಬಂದಾಗ ಮನೆ ಖಾಲಿ ಇತ್ತು,” ಎಂದರು ಕೊನೆಗೆ. “ನಾವು ಬರ್ದಿದ್ರೆ ಇನ್ಯಾರೋ ಬರ್ತಿದ್ರು.”

“ಖಾಲಿ ಎಲ್ಲಿತ್ತು?” ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. “ಒಲೆ ಮೇಲೆ ಹಾಲು ಇನ್ನೂ ಬೆಚ್ಚಗಿತ್ತು. ನೀವೇ ಅಲ್ವಾ ಕುಡಿದಿದ್ದು?”

“ಬಾಯಿ ಮುಚ್ಚೇ!”

ತಾತ ಹಾಗೆ ಕೂಗಿದ್ದನ್ನು ಚಿನಕುರಳಿ ಎಂದೂ ಕೇಳಿರಲಿಲ್ಲ. ಅಜ್ಜಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು.

“ಅಜ್ಜಿ, ಆ ಗಡಿಯಾರ?”

“ಅವರದ್ದೇ.”

“ಟೇಬಲ್ಲು?”

ಅಜ್ಜಿ ಹೌದೆಂದು ತಲೆಯಾಡಿಸಿದರು.

“ಮತ್ತೆ ಮಷಿನ್ನು?”

ಅಜ್ಜಿ ತಾತನತ್ತ ನೋಡಿದರು. ತಾತನ ಕಾಲು ಪೆಡಲ್ ಮೇಲೆ ನಿಂತುಹೋಯಿತು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಚಿನಕುರಳಿ ಮಲಗುವ ಪುಟ್ಟ ಮಂಚ ಅಲ್ಲಿಂದಲೇ ಕಾಣುತ್ತಿತ್ತು.

ಅದರ ಬಗ್ಗೆ ಚಿನಕುರಳಿ ಕೇಳಲಿಲ್ಲ.